ಬಿ.ಕಾಂ ಸೇರಿದ್ದೇನೆ, ಮನಸ್ಸೆಲ್ಲ ಗಿಟಾರ್ ಮೇಲಿದೆ. ಇದರಲ್ಲಿ ಹೊಟ್ಟೆಪಾಡು ಆಗುತ್ತಾ?

ತೀರ್ಥಹಳ್ಳಿ_ತಂತಿ (ಜುಲೈ 6)

ಎಲ್ಲರಿಗೂ ನಮಸ್ಕಾರ. ನನಗೆ 18 ವರ್ಷ. ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸಿ ಈ ವರ್ಷ ಬೆಂಗಳೂರಿನಲ್ಲಿ ಬಿ.ಕಾಂ ಸೇರಿದ್ದೇನೆ. ವಿಜಯನಗರದಲ್ಲಿ ಪಿಜಿ. ರೂಮಿನಲ್ಲಿ ಮೂರು ಜನ ಇರುವುದರಿಂದ ಗಿಟಾರ್ ಅಭ್ಯಾಸ ಟೆರೇಸ್ ಮೇಲೆ, ನೀರಿನ ಟ್ಯಾಂಕ್ ಪಕ್ಕ.

ನಾಲ್ಕು ವರ್ಷದಿಂದ ನುಡಿಸುತ್ತಿದ್ದೇನೆ. ಮೊದಲು ಯೂಟ್ಯೂಬ್ ನೋಡಿ ಕಲಿತೆ. ಆಮೇಲೆ ಒಂದೂವರೆ ವರ್ಷ ಪ್ರತಿ ಭಾನುವಾರ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಒಬ್ಬ ಮೇಷ್ಟ್ರ ಹತ್ತಿರ ಕಲಿತೆ. ಬಾರ್ ಕಾರ್ಡ್ (ಒಂದು ಬೆರಳನ್ನು ತಂತಿಗಳಿಗೆ ಅಡ್ಡ ಒತ್ತಿ ಹಲವು ಸ್ವರ ಒಟ್ಟಿಗೆ ನುಡಿಸುವುದು) ಸಲೀಸಾಗಿ ಬರುತ್ತದೆ. ಫಿಂಗರ್‌ಪಿಕಿಂಗ್ ಇಷ್ಟ. ಯಾವ ತಂತಿ ಎಲ್ಲಿ ಒತ್ತಬೇಕು ಅಂತ ಬರೆದಿರುವ ಟ್ಯಾಬ್ ಓದುತ್ತೇನೆ, ನೊಟೇಶನ್ (ಸ್ವರಲಿಪಿ) ಬರುವುದಿಲ್ಲ. ಇರುವುದು 7,500 ರೂಪಾಯಿಯ ಅಕೌಸ್ಟಿಕ್.

ಅಪ್ಪನದು ಎರಡು ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದಮೇಲೆ ಮನೆಯಲ್ಲಿ ದುಡ್ಡಿನ ಮಾತು ಜಾಸ್ತಿಯಾಗಿದೆ. ಅಪ್ಪ ಬೈಯುವುದಿಲ್ಲ. "ಗಿಟಾರ್ ಹಿಡ್ಕಂಡು ಎಂತ ಮಾಡ್ತೀಯ ಮಾರಾಯ?" ಅಂತ ಕೇಳುತ್ತಾರೆ ಅಷ್ಟೇ. ನನ್ನ ಹತ್ತಿರ ಉತ್ತರ ಇಲ್ಲ.

ಒಂದು ಸಂಸ್ಥೆಯ ಜಾಹೀರಾತು ನೋಡಿದೆ. ಒಂದು ವರ್ಷದ ಗಿಟಾರ್ ಡಿಪ್ಲೊಮಾ, ನಾಲ್ಕೂವರೆ ಲಕ್ಷ. ಸಾಲ ಮಾಡಿ ಅಲ್ಲಿಗೆ ಹೋಗಲಾ? ಬಿ.ಕಾಂ ಬಿಡಲಾ? ಗಿಟಾರ್ ಗೊತ್ತಿರುವವನಿಗೆ ನಿಜವಾಗಿ ಯಾವ ಯಾವ ಕೆಲಸ ಇದೆ? ಅನುಭವ ಇದ್ದವರು ಹೇಳಿ.

ಆರ್ಕೆಸ್ಟ್ರಾ_ಬೇಸ್ (ಜುಲೈ 6)

ತಮ್ಮಾ, ನಾನು 21 ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ದಾವಣಗೆರೆ ಕಡೆಯವನು, ಈಗ ಬೆಂಗಳೂರು. ಹೊಟ್ಟೆಪಾಡು ಆಗುತ್ತದೆ. ಆದರೆ ನಮ್ಮ ಹೊಟ್ಟೆ ಪಂಚಾಂಗ ನೋಡಿಕೊಂಡು ತುಂಬುತ್ತದೆ.

ಯುಗಾದಿ ಆಸುಪಾಸಿನಲ್ಲಿ ಜಾತ್ರೆ, ಆಮೇಲೆ ಮದುವೆ ರಿಸೆಪ್ಷನ್. ಆಷಾಢ ಬಂತೋ, ಕೈ ಖಾಲಿ. ಗಣೇಶನನ್ನು ಕೂರಿಸಿದ ದಿನದಿಂದ ಮತ್ತೆ ಶುರು, ಬೀದಿಗೊಂದು ಪೆಂಡಾಲ್. ನಂತರ ದಸರಾ, ಆಮೇಲೆ ರಾಜ್ಯೋತ್ಸವ. ನವೆಂಬರ್ 1ಕ್ಕೆ ಶುರುವಾದ ರಾಜ್ಯೋತ್ಸವ ನಮ್ಮ ಬಡಾವಣೆಗಳಲ್ಲಿ ಡಿಸೆಂಬರ್ ಬಂದರೂ ಮುಗಿಯುವುದಿಲ್ಲ. ಜನ ನಗುತ್ತಾರೆ, ನಮಗೆ ಅದೇ ಅನ್ನ. ಧನುರ್ಮಾಸದಲ್ಲಿ ಮದುವೆ ಇಲ್ಲ, ಆದರೆ ಕಂಪನಿಗಳ ಪಾರ್ಟಿ, ಡಿಸೆಂಬರ್ 31 ಇರುತ್ತದೆ. ನನಗೆ ಈಗ ರಾತ್ರಿಗೆ 2,500ರಿಂದ 4,000. ಗಣೇಶನ ಸೀಸನ್ನಿನಲ್ಲಿ ತಿಂಗಳಿಗೆ 18 ಕಾರ್ಯಕ್ರಮ ಮಾಡಿದ್ದೂ ಇದೆ. ಆಷಾಢದಲ್ಲಿ ಎರಡು ಸಿಕ್ಕರೆ ಪುಣ್ಯ. ಈಗ ಆಷಾಢವೇ. ಅದಕ್ಕೇ ಇಷ್ಟುದ್ದ ಬರೆಯಲು ಪುರುಸೊತ್ತು.

ನನ್ನ ಮೊದಲ ವರ್ಷದ್ದು ಒಂದು ಹೇಳುತ್ತೇನೆ. ಚಿತ್ರದುರ್ಗದ ಹತ್ತಿರ ಒಂದು ಜಾತ್ರೆ. ರಾತ್ರಿ ಒಂಬತ್ತೂವರೆ. ಹಾಡು ಅನೌನ್ಸ್ ಆಗಿಬಿಟ್ಟಿದೆ. ಗಾಯಕಿ ಮೈಕ್ ಮುಚ್ಚಿಕೊಂಡು ನಮ್ಮ ಕಡೆ ತಿರುಗಿ, "ಗಂಟಲು ಕಟ್ಟಿದೆ, ಸ್ಕೇಲ್ ಇಳಿಸಿ" ಎಂದರು. ಕೀಬೋರ್ಡಿನವನು ಇಡೀ ಹಾಡಿನ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಸುಮ್ನೆ ಕೂತ. ನನ್ನ ಹತ್ತಿರ ಬಟನ್ ಎಲ್ಲಿದೆ? ಕಂಠಪಾಠ ಮಾಡಿದ್ದು ಒಂದೇ ಸ್ಕೇಲು. ಪಲ್ಲವಿ ಮುಗಿಯುವವರೆಗೂ ಒಂದೇ ತಂತಿ ಮೇಲೆ ಅಂದಾಜಿನಲ್ಲಿ ಓಡಾಡಿದೆ. ಪೇಮೆಂಟ್ ಕೊಡುವಾಗ ಮಾಲೀಕರು 200 ರೂಪಾಯಿ ಹಿಡಿದುಕೊಂಡರು. ಆ 200ಕ್ಕೆ ನಾನು ಕಲಿತಿದ್ದು: ಹಾಡನ್ನು ಕಾರ್ಡಿನ ಹೆಸರಲ್ಲಿ ನೆನಪಿಡಬಾರದು, ನಂಬರಿನಲ್ಲಿ ಇಡಬೇಕು. ಸ್ಕೇಲಿನ ಎಷ್ಟನೇ ಸ್ವರದ ಕಾರ್ಡೋ ಅದೇ ನಂಬರ್: ಒಂದು, ನಾಲ್ಕು, ಐದು, ಆರು. ಯಾವ ಸ್ಕೇಲಿಗೆ ಹೋದರೂ ನಂಬರ್ ಅದೇ.

ಸ್ಟೇಜಿನ ಮೇಲೆ ಟ್ಯಾಬ್ ಯಾರೂ ಕೊಡುವುದಿಲ್ಲ ತಮ್ಮಾ. ಕಿವಿ ತಯಾರು ಮಾಡಿಕೋ.

ಎರಡು_ದೋಣಿ (ಜುಲೈ 7)

ನಾನು ಐಟಿ. ವೀಕೆಂಡ್ ಬ್ಯಾಂಡ್. ಒಂದೇ ಮಾತು, ಡಿಗ್ರಿ ಬಿಡಬೇಡ. ರಘು ದೀಕ್ಷಿತ್ ಮೈಸೂರಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ ಮಾಡಿದವರು. ಗ್ರ್ಯಾಮಿ ಪಡೆದ ರಿಕಿ ಕೇಜ್ ಡೆಂಟಲ್ ಓದಿದವರು. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವ ಪ್ರಸನ್ನ ಐಐಟಿ ಮದ್ರಾಸಿನವರು, ಅಮೆರಿಕದ ಬರ್ಕ್ಲಿ ಸಂಗೀತ ಕಾಲೇಜು ಆಮೇಲೆ. ಯಾರೂ ಓದು ಬಿಟ್ಟು ಬಂದವರಲ್ಲ.

ನೆಲಮಾಳಿಗೆ_ಸ್ಟುಡಿಯೋ (ಜುಲೈ 7)

@ಎರಡು_ದೋಣಿ ಡಿಗ್ರಿ ಬಿಡಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಈ ಪಟ್ಟಿ ಕೊಡಬೇಡಿ ಸರ್. ಎಂ.ಎಸ್ಸಿ ಮಾಡಿ ಗಿಟಾರ್ ಹಿಡಿದು, ಎರಡೂ ಕೈಕೊಟ್ಟು ಊರಿಗೆ ಹೋದವರ ಪಟ್ಟಿ ಯಾರೂ ಬರೆಯುವುದಿಲ್ಲ. ಗೆದ್ದವರ ಹೆಸರು ನೋಡಿ ಹುಡುಗ ದಾರಿ ಲೆಕ್ಕ ಹಾಕಿದರೆ ಕೆಡುತ್ತಾನೆ.

ತಮ್ಮಾ, ನಾನು ಸೆಷನ್ ಗಿಟಾರಿಸ್ಟ್ ಆಗಿದ್ದೆ, ಈಗ ಜಾಸ್ತಿ ರೆಕಾರ್ಡಿಂಗ್, ಮಿಕ್ಸಿಂಗ್. ಸೆಷನ್ ಅಂದರೆ ಸಿನಿಮಾ ಹಾಡಿಗೆ, ಜಾಹೀರಾತಿಗೆ ದುಡ್ಡು ತಗೊಂಡು ನುಡಿಸಿ ಬರುವುದು. ಒಂದು ಕಾಲದಲ್ಲಿ ಇದೇ ದೊಡ್ಡ ಶಾಲೆ. ಇಳಯರಾಜ ಅವರು ಸ್ವಂತ ಸಂಗೀತ ಕೊಡುವ ಮೊದಲು ನಮ್ಮ ಕನ್ನಡದ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಗಿಟಾರ್ ನುಡಿಸಿಕೊಂಡು ಅಸಿಸ್ಟೆಂಟ್ ಆಗಿದ್ದರು. ಒಂದೇ ಹಾಲಿನಲ್ಲಿ ಎಲ್ಲರೂ ಕೂತು ಒಟ್ಟಿಗೆ ನುಡಿಸುತ್ತಿದ್ದ ಕಾಲ ಅದು. ಪಕ್ಕದವನ ತಪ್ಪು ನೋಡಿಯೂ ಕಲಿಯಬಹುದಿತ್ತು.

ಈಗ ಹಾಗಿಲ್ಲ. ಮ್ಯೂಸಿಕ್ ಡೈರೆಕ್ಟರ್ ಫೈಲ್ ಕಳಿಸುತ್ತಾರೆ. ನಾನು ಮನೆಯಲ್ಲೇ ರೆಕಾರ್ಡ್ ಮಾಡಿ ರಾತ್ರಿಯೇ ವಾಪಸ್ ಕಳಿಸುತ್ತೇನೆ. ಎಷ್ಟೋ ಹಾಡಿಗೆ ಗಿಟಾರಿಸ್ಟೇ ಬೇಡ, ಕಂಪ್ಯೂಟರಿನಲ್ಲೇ ಆಗಿಹೋಗುತ್ತದೆ. ಈಗ ಎಐ ಬೇರೆ ಬಂದಿದೆ. ಸಣ್ಣ ಜಿಂಗಲ್ ಕೆಲಸ ನನಗೆ ಕಡಿಮೆಯಾಗಿದೆ, ಸುಳ್ಳು ಹೇಳುವುದಿಲ್ಲ.

ಆದರೂ ಕರೆಯುತ್ತಾರೆ. ಯಾರನ್ನು? ಕ್ಲಿಕ್ ಜೊತೆ ಸರಿಯಾಗಿ ನುಡಿಸುವವನನ್ನು. ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್ ಹಾಕಿಕೊಂಡು ಸುಮ್ನೆ ಒಂದು ಸ್ಟ್ರಮ್ಮಿಂಗ್ ಮೂರು ನಿಮಿಷ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡು. ಕೇಳಿದರೆ ಅಳು ಬರುತ್ತದೆ. ನನ್ನ ಮೊದಲ ಸೆಷನ್ನಿನಲ್ಲಿ ನಾಲ್ಕು ಬಾರ್‌ಗೆ, ಅಂದರೆ ನಾಲ್ಕು ತಾಳದ ಸುತ್ತಿಗೆ, ಎರಡು ಗಂಟೆ ಹಿಡಿಯಿತು. ಕಾರ್ಡ್ ಬದಲಿಸುವಾಗೆಲ್ಲ ಕೂದಲೆಳೆಯಷ್ಟು ಮುಂದೆ ಓಡುತ್ತಿದ್ದೆ. ಎಂಜಿನಿಯರ್ ಗಾಜಿನ ಆಚೆಯಿಂದ ಏನೂ ಹೇಳಲಿಲ್ಲ, ಟೀ ತರಿಸಿ ಕುಡಿದರು. ಅದೇ ದೊಡ್ಡ ಅವಮಾನ.

ಇನ್ನು ದುಡ್ಡು. ಸೆಷನ್ ಪೇಮೆಂಟ್ ಒಂದೇ ಸಲ. ಹಾಡು ಎಷ್ಟೇ ಹಿಟ್ ಆದರೂ ನುಡಿಸಿದವನ ಮನೆಗೆ ಚೆಕ್ ಹುಡುಕಿಕೊಂಡು ಬಂದದ್ದನ್ನು ನಾನಂತೂ ನೋಡಿಲ್ಲ. 2012ರಲ್ಲಿ ಕಾಪಿರೈಟ್ ಕಾನೂನು ತಿದ್ದುಪಡಿ ಆದಮೇಲೆ ಹಾಡು ಬರೆದವರಿಗೂ ಟ್ಯೂನ್ ಹಾಕಿದವರಿಗೂ ರಾಯಲ್ಟಿ ಹಕ್ಕು ಗಟ್ಟಿಯಾಯಿತು. ಅದನ್ನು ಐಪಿಆರ್‌ಎಸ್ ಅನ್ನುವ ರಾಯಲ್ಟಿ ಸಂಸ್ಥೆ ವಸೂಲಿ ಮಾಡಿ ಹಂಚುತ್ತದೆ. ಹಾಗಾಗಿ ಬರೀ ನುಡಿಸಬೇಡ, ಟ್ಯೂನ್ ಕಟ್ಟು. ಕಟ್ಟಿದ್ದು ನಿನ್ನ ಹೆಸರಿನಲ್ಲಿ ಇರಲಿ. ಸ್ಪಾಟಿಫೈ ನಂಬಿಕೊಂಡು ಕೂರಬೇಡ. 2024ರಿಂದ ಒಂದು ಹಾಡು 12 ತಿಂಗಳಲ್ಲಿ ಕನಿಷ್ಠ 1,000 ಸಲ ಓಡದಿದ್ದರೆ ಅದಕ್ಕೆ ಅಲ್ಲಿ ರಾಯಲ್ಟಿಯೇ ಇಲ್ಲ.

ಪಬ್_ಪಾಡು (ಜುಲೈ 7)

ಪಬ್ ಗಿಗ್ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನೇ ಪೂರ್ತಿ ನಂಬಬೇಡ. 2018ರಲ್ಲಿ ಪೊಲೀಸರು ಲೈವ್ ಮ್ಯೂಸಿಕ್‌ಗೆ ಬೇರೆ ಲೈಸೆನ್ಸ್ ಬೇಕು ಅಂದರು. ಇದ್ದದ್ದು 2005ರ ಆದೇಶ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಬೆಂಗಳೂರಿನ ಎಷ್ಟೋ ಬಾರ್‌ಗಳಲ್ಲಿ ರಾತ್ರೋರಾತ್ರಿ ಹಾಡು ನಿಂತಿತು. ನನ್ನ ತಿಂಗಳ ಎಂಟು ಗಿಗ್ ಸೊನ್ನೆಗೆ ಬಂತು. ಚೇತರಿಸಿಕೊಳ್ಳುವಷ್ಟರಲ್ಲಿ 2020, ಕೋವಿಡ್. ನಾನು ಆಗ ಆರು ತಿಂಗಳು ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪ್ ಅಳೆದೆ. ಈಗ ಮತ್ತೆ ನುಡಿಸುತ್ತಿದ್ದೇನೆ. ಅಂಗಡಿಗೂ ಹೋಗುತ್ತೇನೆ.

ಮೈಸೂರು_ಮಿಸ್ (ಜುಲೈ 8)

ನಾನು ಮೈಸೂರಿನಲ್ಲಿ ಗಿಟಾರ್ ಹೇಳಿಕೊಡುತ್ತೇನೆ. 14 ವರ್ಷ ಆಯಿತು. ಎಲ್ಲರೂ ಸ್ಟೇಜ್ ಬಗ್ಗೆ ಬರೆದಿದ್ದಾರೆ. ತಿಂಗಳು ತಿಂಗಳು ಅಕ್ಕಿ-ಬೇಳೆ ತರುವ ದುಡ್ಡು ಪಾಠದಲ್ಲಿದೆ, ಅದನ್ನು ಹೇಳಿಬಿಡೋಣ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಶುರುವಾದ ಬ್ಯಾಂಡ್, ದೇಶ ವಿದೇಶದಲ್ಲಿ ನುಡಿಸಿದವರು. ಅವರೂ ಸಂಗೀತ ಶಾಲೆ ತೆರೆದರು.

ನಮ್ಮ ಕಡೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಇಲ್ವಾ, ಹಾಗೆ ಗಿಟಾರಿಗೆ ಬ್ರಿಟನ್ನಿನ ಟ್ರಿನಿಟಿ ಮತ್ತು ರಾಕ್‌ಸ್ಕೂಲ್ ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳಿವೆ. ಎರಡರಲ್ಲೂ ಎಂಟನೇ ಗ್ರೇಡ್‌ವರೆಗೆ ಹೋಗಬಹುದು. ಟ್ರಿನಿಟಿಯಲ್ಲಿ ಆಮೇಲೆ ಡಿಪ್ಲೊಮಾ ಇದೆ. ಒಂದೊಂದೇ ಗ್ರೇಡ್ ಹತ್ತಬೇಕು ಎಂದೇನಿಲ್ಲ, ನಿನ್ನ ಮಟ್ಟಕ್ಕೆ ನೇರವಾಗಿ ಐದನೆಯದಕ್ಕೆ ಕೂರಬಹುದು. ಖಾಸಗಿ ಶಾಲೆಗಳಲ್ಲಿ ಮ್ಯೂಸಿಕ್ ಟೀಚರ್ ಕೆಲಸಕ್ಕೆ ಹೋದರೆ ಮೊದಲು ಕೇಳುವುದು ಎರಡೇ: ಯಾವುದಾದರೂ ಡಿಗ್ರಿ ಇದೆಯಾ, ಗ್ರೇಡ್ ಎಷ್ಟು. ನಿನ್ನ ಬಿ.ಕಾಂ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ನೊಟೇಶನ್ ಕಲಿ. ದಿನಕ್ಕೆ 15 ನಿಮಿಷ ಸಾಕು, ಒಂದು ವರ್ಷದಲ್ಲಿ ಓದುತ್ತೀಯ.

ಆದರೆ ಪಾಠ ಹೇಳುವುದು ನುಡಿಸುವುದಕ್ಕಿಂತ ಬೇರೆ ಕೆಲಸ. ಏಳು ವರ್ಷದ ಮಗು ತಂತಿ ಒತ್ತಿದಾಗ ಬೆರಳ ತುದಿಯಲ್ಲಿ ಕೆಂಪು ಗೆರೆ ಬೀಳುತ್ತದೆ. ಅದು ಕೈ ತೋರಿಸಿ, "ಮಿಸ್, ಉರೀತಿದೆ" ಅನ್ನುತ್ತದೆ. ಆಗ ಸ್ಕೇಲ್ ಬಗ್ಗೆ ಭಾಷಣ ಮಾಡಿದರೆ ಮುಂದಿನ ವಾರ ಬರುವುದಿಲ್ಲ. ನಾನು ಮೊದಲ ತಿಂಗಳು ಮೂರೇ ತಂತಿ ಬಳಸುತ್ತೇನೆ, ಅದರಲ್ಲೇ ಒಂದು ಹಾಡು ಬರಿಸಿ ಕಳಿಸುತ್ತೇನೆ. ಮನೆಯಲ್ಲಿ ಅಜ್ಜಿ ಮುಂದೆ ನುಡಿಸಬೇಕಲ್ಲ.

ನನ್ನ ಲೆಕ್ಕ: ಮನೆಗೆ ಬರುವ ಮಕ್ಕಳು 22. ವಾರಕ್ಕೆ ಎರಡು ಕ್ಲಾಸ್, ತಿಂಗಳಿಗೆ 1,800. ಇದಲ್ಲದೆ ಡಲ್ಲಾಸ್‌ನಲ್ಲಿರುವ ಕನ್ನಡದ ಮನೆಗಳ ಐದು ಮಕ್ಕಳಿಗೆ ಆನ್‌ಲೈನ್ ಪಾಠ. ಅವರಿಗೆ ಸಂಜೆ ಏಳೂವರೆ ಅಂದರೆ ನಮಗೆ ಬೆಳಿಗ್ಗೆ ಆರು. ಆ ತಾಯಂದಿರಿಗೆ ಗಿಟಾರಿಗಿಂತ ಮಗು ಅರ್ಧ ಗಂಟೆ ಕನ್ನಡ ಕೇಳುತ್ತದೆ ಅನ್ನುವುದೇ ಖುಷಿ. ಮಾರ್ಚ್ ಪರೀಕ್ಷೆ ಬಂದರೆ ಇಲ್ಲಿನ ಅರ್ಧ ಮಕ್ಕಳು ಮಾಯ. ಏಪ್ರಿಲ್, ಮೇ ಬೇಸಿಗೆ ಶಿಬಿರ, ಆಗ ಎರಡು ತಿಂಗಳಲ್ಲಿ ಆ ನಷ್ಟ ತುಂಬಿಕೊಳ್ಳುತ್ತೇನೆ.

ನೀನು ಪಿಜಿ ಅಕ್ಕಪಕ್ಕದಲ್ಲೇ ಇಬ್ಬರು ಮಕ್ಕಳಿಗೆ ಹೇಳಿಕೊಡಲು ಶುರು ಮಾಡು. ನಿನಗೆ ಏನು ಬರುವುದಿಲ್ಲ ಅನ್ನುವುದು ಬೇಗ ಗೊತ್ತಾಗುತ್ತದೆ.

ಬೀಟೆ_ಮರ (ಜುಲೈ 8)

ನಮಸ್ಕಾರ, ಮಂಗಳೂರಿನಿಂದ. ನಾನು ಗಿಟಾರ್ ರಿಪೇರಿ ಮಾಡುತ್ತೇನೆ. ಈ ಕೆಲಸ ಇದೆ ಅಂತಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ಮಂಗಳೂರಿನಲ್ಲಿ ಗಿಟಾರ್ ಹೊಸತಲ್ಲ. ಇಗರ್ಜಿಯ ಕ್ವಾಯರ್, ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ, ಕೊಂಕಣಿ ಸಂಗೀತ ರಾತ್ರಿಗಳು. ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ ಅವರ ವಿಲ್ಫಿ ನೈಟ್‌ಗಳನ್ನು ಕೇಳಿ ಬೆಳೆದ ಊರು ಇದು. ಮನೆಗೊಂದು ಗಿಟಾರ್ ಇರುವ ಕಡೆ ಮಳೆಗಾಲ ಬಂದರೆ ನನಗೆ ಉಸಿರಾಡಲು ಪುರುಸೊತ್ತಿಲ್ಲ. ತೇವಕ್ಕೆ ಮರ ಉಬ್ಬುತ್ತದೆ. ಅಕೌಸ್ಟಿಕ್‌ನ ಎದುರು ಹಲಗೆ ಹೊಟ್ಟೆ ಬಂದ ಹಾಗೆ ಮೇಲೇಳುತ್ತದೆ. ಅದರ ಜೊತೆ ತಂತಿ ಕೂರುವ ಬ್ರಿಡ್ಜ್ ಏರುತ್ತದೆ, ಕತ್ತಿನ ಮೇಲಿನ ಲೋಹದ ಗೆರೆ, ಅಂದರೆ ಫ್ರೆಟ್‌ನಿಂದ ತಂತಿ ದೂರ ಹೋಗುತ್ತದೆ. ಹುಡುಗರು "ಕೈ ನೋಯ್ತದೆ, ನನಗೆ ಇದು ಆಗುವುದಿಲ್ಲ" ಎಂದು ಬರುತ್ತಾರೆ. ತಪ್ಪು ಕೈಯದ್ದಲ್ಲ ಮಾರಾಯ್ರೆ.

ನಿಮ್ಮ 7,500ರ ಗಿಟಾರನ್ನು ಈಗಲೇ ನೋಡಿ. ದಪ್ಪ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ ಕತ್ತು ಹೊಟ್ಟೆಗೆ ಸೇರುವಲ್ಲಿನ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಸರಿ. ಜಾಸ್ತಿ ಇದ್ದರೆ ಕತ್ತು ಬಾಗಿದೆ. ಕತ್ತಿನ ಒಳಗಿನ ಲೋಹದ ಕಡ್ಡಿ, ಅಂದರೆ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಬೇಕು. ಅವಸರ ಮಾಡಿದರೆ ಕಡ್ಡಿ ಮುರಿಯುತ್ತದೆ. ನಾನು ಕಲಿಯುವಾಗ ಹೀಗೆ ಎರಡು ಮುರಿದಿದ್ದೇನೆ, ಒಂದು ನನ್ನದೇ, ಇನ್ನೊಂದು ಚಿಕ್ಕಪ್ಪನದು.

ಒಂದು ಸಂಗತಿ ಹೇಳಲೇಬೇಕು. ಅಮೆರಿಕದ ಮಾರ್ಟಿನ್ ಕಂಪನಿ 1969ರ ಕೊನೆಗೆ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ರೋಸ್‌ವುಡ್‌ಗೆ ಬಂತು. ಅದೇ ನಮ್ಮ ಬೀಟೆ, ಘಟ್ಟದ ಕಾಡಿನ ಮರ. ಲೋಕದ ದೊಡ್ಡ ದೊಡ್ಡವರು ಅಪ್ಪಿಕೊಂಡು ನುಡಿಸುವ ಗಿಟಾರಿನ ಬೆನ್ನಿಗೆ ಇರುವುದು ನಿಮ್ಮ ತೋಟದ ಮೇಲಿನ ಗುಡ್ಡದಲ್ಲಿ ಇರಬಹುದಾದ ಜಾತಿ. 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರ್ಮಿಟ್ ಕಡ್ಡಾಯವಾಯಿತು, 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ಸಡಿಲ ಮಾಡಿದರು. ಮರ ನಮ್ಮದು, ಗಿಟಾರ್ ಮಾತ್ರ ಹೊರಗಿನಿಂದ ಬರುತ್ತದೆ. ಇಲ್ಲಿ ಒಳ್ಳೆಯ ಕೈಕೆಲಸದವರು ಬೆರಳೆಣಿಕೆಯಷ್ಟು. ಹೀಗೆ ಕತ್ತು, ತಂತಿಯ ಎತ್ತರ ಸರಿಮಾಡುವ ಒಂದು ಸೆಟಪ್‌ಗೆ ನಾನು 800 ತೆಗೆದುಕೊಳ್ಳುತ್ತೇನೆ, ಫ್ರೆಟ್ ಪೂರ್ತಿ ಬದಲಿಸಿದರೆ 6,000ದ ಮೇಲೆ. ವೇದಿಕೆಯ ಚಪ್ಪಾಳೆ ಇಲ್ಲ. ಸಂಜೆ ಏಳಕ್ಕೆ ಮನೆಯಲ್ಲಿರುತ್ತೇನೆ.

ತೀರ್ಥಹಳ್ಳಿ_ತಂತಿ (ಜುಲೈ 9)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೀಟೆ_ಮರ ಸರ್, ವಿಸಿಟಿಂಗ್ ಕಾರ್ಡ್ ಇಟ್ಟು ನೋಡಿದೆ. ನನ್ನ ಗಿಟಾರಿನಲ್ಲಿ ಮೂರು ಕಾರ್ಡ್ ಒಟ್ಟಿಗೆ ತೂರುತ್ತದೆ! ನಾಲ್ಕು ವರ್ಷ ಕೈಯನ್ನೇ ಬೈದುಕೊಂಡೆ.

ಡಿಪ್ಲೊಮಾ ಬಗ್ಗೆ ಯಾರೂ ಹೇಳಲಿಲ್ಲ. ಅವರು "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂತಿದ್ದಾರೆ.

ನಾಲ್ಕು_ಲಕ್ಷದ_ಪಾಠ (ಜುಲೈ 9)

ನಾನು ಇಂಥದ್ದೇ ಒಂದು ಕಡೆ ಓದಿದವನು. ಹೆಸರು ಬೇಡ. ನನ್ನ ಪ್ಲೇಸ್‌ಮೆಂಟ್ ಏನು ಗೊತ್ತಾ? ಮಾಲ್ ಒಂದರ ವಾದ್ಯದ ಅಂಗಡಿಯಲ್ಲಿ ಸೇಲ್ಸ್, ತಿಂಗಳಿಗೆ 14,000. ಸಾಲದ ಕಂತೇ 9,000 ಚಿಲ್ಲರೆ.

ಹಾಗಂತ ದಂಡ ಎನ್ನಲಾರೆ. ಅಲ್ಲಿ ಡ್ರಮ್ಮರ್, ಕೀಬೋರ್ಡಿನವನು, ಹಾಡುವವರು ದಿನಾ ಸಿಗುತ್ತಿದ್ದರು. ರಾತ್ರಿ ಎರಡರವರೆಗೂ ಒಟ್ಟಿಗೆ ನುಡಿಸುತ್ತಿದ್ದೆವು. ಇವತ್ತಿಗೂ ನನಗೆ ಕೆಲಸ ಬರುವುದು ಆ ಐದಾರು ಜನರಿಂದಲೇ. ಆದರೆ ಐದಾರು ಗೆಳೆಯರಿಗೆ ನಾಲ್ಕು ಲಕ್ಷ ಜಾಸ್ತಿಯಾಯಿತು ಅಲ್ವಾ?

ಓದಲೇಬೇಕು ಅನ್ನಿಸಿದರೆ ಬಿ.ಕಾಂ ಮುಗಿದ ಮೇಲೆ ನೋಡು. ಚೆನ್ನೈನಲ್ಲಿ ರೆಹಮಾನ್ 2008ರಲ್ಲಿ ಶುರು ಮಾಡಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಇದೆ. ನಮ್ಮ ಸಂಗೀತವೇ ಬೇಕು ಅಂದರೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ. ಎಲ್ಲಿಗೇ ಹೋದರೂ ದುಡ್ಡು ಕಟ್ಟುವ ಮೊದಲು ಒಂದು ದಿನ ಕ್ಲಾಸಿನಲ್ಲಿ ಕೂರುತ್ತೇನೆ ಎಂದು ಕೇಳು. ಬೇಡ ಅಂದರೆ ಅಲ್ಲಿಂದ ಎದ್ದು ಬಾ. ಹೋದ ವರ್ಷ ಮುಗಿಸಿದ ಮೂವರ ಫೋನ್ ನಂಬರನ್ನೂ ಕೇಳು.

ಹಡಗು_ಕನ್ನಡಿಗ (ಜುಲೈ 10)

ಕ್ರೂಸ್ ಹಡಗಿನಲ್ಲಿ ಮೂರು ಕಾಂಟ್ರಾಕ್ಟ್ ಮಾಡಿದ್ದೇನೆ, ಒಂದೊಂದು ಆರು ತಿಂಗಳು. ಊಟ, ವಸತಿ ಅವರದೇ, ಹಾಗಾಗಿ ಸಂಬಳ ಉಳಿಯುತ್ತದೆ. ಶೋ ಬ್ಯಾಂಡ್‌ಗೆ ಸೈಟ್ ರೀಡಿಂಗ್, ಅಂದರೆ ನೊಟೇಶನ್ ನೋಡಿದ ಕೂಡಲೇ ನುಡಿಸುವುದು, ಬರಲೇಬೇಕು. ಮಧ್ಯಾಹ್ನ ಕೈಗೆ ಹಾಳೆ ಕೊಡುತ್ತಾರೆ, ರಾತ್ರಿ ಶೋ. ನೀರಿನಲ್ಲಿ ಸುರಕ್ಷತೆಯ ತರಬೇತಿ, ಮೆಡಿಕಲ್, ಪಾಸ್‌ಪೋರ್ಟ್ ಎಲ್ಲ ಆಗಬೇಕು. ಮೈಸೂರು ಮಿಸ್ ಹೇಳಿದ 15 ನಿಮಿಷ ಇವತ್ತೇ ಶುರು ಮಾಡು.

ಇನ್ನೊಂದು, ಕಿವಿ. 85 ಡೆಸಿಬಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆ ಮಿತಿ. ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. 100 ಆದರೆ ಕಾಲು ಗಂಟೆ ಅಷ್ಟೇ. ನನ್ನ ಎಡಗಿವಿಯಲ್ಲಿ ಜೀರುಂಡೆ ಕೂತಿದೆ, ಇನ್ನು ಹೋಗುವುದಿಲ್ಲ. ಡ್ರಮ್ಮಿನ ಸಿಂಬಲ್ (ಲೋಹದ ತಟ್ಟೆ) ಪಕ್ಕ ನಿಲ್ಲಬೇಡ.

ಆರ್ಕೆಸ್ಟ್ರಾ_ಬೇಸ್ (ಜುಲೈ 10)

ಬಿ.ಕಾಂ ಬಗ್ಗೆ ಇನ್ನೊಂದು ಮಾತು. ಕಂಪನಿ ಕಾರ್ಯಕ್ರಮದಲ್ಲಿ ಪೇಮೆಂಟ್ ಕೊಡುವಾಗ ಟಿಡಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ರಿಟರ್ನ್ಸ್ ಹಾಕಿದರೆ ನಮ್ಮಂಥವರಿಗೆ ವಾಪಸ್ ಬರುವ ದುಡ್ಡು ಅದು. ನಮ್ಮ ತಂಡದಲ್ಲಿ ಹನ್ನೊಂದು ಜನ. ಹಾಕುವವನು ಒಬ್ಬನೇ, ರಿದಂ ಪ್ಯಾಡಿನವನು, ಅವನ ಹೆಂಡತಿ ಆಡಿಟರ್ ಆಫೀಸಿನಲ್ಲಿದ್ದಾಳೆ ಅಂತ. ನೀನು ಕೋಟೇಶನ್ ಬರೆದು, ಬಿಲ್ ಮಾಡಿ, ಅಡ್ವಾನ್ಸ್ ವಸೂಲಿ ಮಾಡಬಲ್ಲೆ ಅಂದರೆ ಯಾವ ತಂಡವಾದರೂ ನಿನ್ನನ್ನು ಇಟ್ಟುಕೊಳ್ಳುತ್ತದೆ. ಗಿಟಾರ್ ಸ್ವಲ್ಪ ಹಿಂದೆ ಮುಂದೆ ಆದರೂ ಸಹಿಸುತ್ತೇವೆ.

ಮುಂದಿನ ಭಾನುವಾರ ರಾಜಾಜಿನಗರದಲ್ಲಿ ರಿಹರ್ಸಲ್. ಸುಮ್ನೆ ಬಂದು ಕೂತು ನೋಡು. ಮೆಸೇಜ್ ಮಾಡು, ಜಾಗ ಹೇಳುತ್ತೇನೆ.

ತೀರ್ಥಹಳ್ಳಿ_ತಂತಿ (ಆಗಸ್ಟ್ 17)

ಅಪ್‌ಡೇಟ್. ಡಿಪ್ಲೊಮಾದವರಿಗೆ ಫೋನ್ ಮಾಡಿ ಒಂದು ದಿನ ಕ್ಲಾಸಿನಲ್ಲಿ ಕೂರುತ್ತೇನೆ ಅಂದೆ. "ಹಾಗೆಲ್ಲ ಬಿಡುವುದಿಲ್ಲ, ಸೀಟು ಎರಡೇ ಉಳಿದಿದೆ" ಅಂದರು. ಮೂರು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಆಗಲೂ ಎರಡೇ ಉಳಿದಿತ್ತು.

ಗಿಟಾರಿಗೆ ಸೆಟಪ್ ಮಾಡಿಸಿದೆ, ಈಗ ಬೆಣ್ಣೆ. ಪಿಜಿ ಓನರ್ ಮಗಳು ಆರನೇ ಕ್ಲಾಸು, ಅವಳಿಗೆ ವಾರಕ್ಕೆ ಎರಡು ದಿನ ಪಾಠ. ಬಾಡಿಗೆಯಲ್ಲಿ 1,200 ಮುರಿದುಕೊಳ್ಳುತ್ತಾರೆ. ಬಾರ್ ಕಾರ್ಡ್ ಯಾಕೆ ಹಾಗೆ ಹಿಡಿಯಬೇಕು ಎಂದು ಅವಳು ಕೇಳಿದಳು. ನನಗೆ ಹೇಳಲು ಬರಲಿಲ್ಲ. ಮಿಸ್ ಹೇಳಿದ್ದು ಸರಿ.

ಬೇಸ್ ಅಣ್ಣನ ರಿಹರ್ಸಲ್‌ಗೆ ನಾಲ್ಕು ಭಾನುವಾರ ಹೋದೆ. ಮೊದಲ ದಿನ ಕೂತು ನೋಡಿದೆ. ಎರಡನೇ ದಿನ ಎರಡು ಹಾಡಿಗೆ ರಿದಂ ನುಡಿಸು ಅಂದರು. ಮಧ್ಯದಲ್ಲಿ ಅಣ್ಣ ಬೇಕಂತಲೇ ಸ್ಕೇಲ್ ಬದಲಿಸಿದರು. ನಾನು ಸ್ಕೇಲ್ ಏರಿಸಲು ಕತ್ತಿಗೆ ಹಾಕುವ ಕ್ಲಿಪ್, ಕ್ಯಾಪೋ ಹುಡುಕುವಷ್ಟರಲ್ಲಿ ಚರಣ ಮುಗಿದಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿನ್ನೆ ಮಾತ್ರ ಆರರಲ್ಲಿ ನಾಲ್ಕು ಹಾಡಿಗೆ ಸಿಕ್ಕಿಹಾಕಿಕೊಳ್ಳಲಿಲ್ಲ.

ಗಣೇಶನ ಐದನೇ ದಿನ ಕಾಮಾಕ್ಷಿಪಾಳ್ಯದ ಪೆಂಡಾಲ್‌ನಲ್ಲಿ ಕರೆದಿದ್ದಾರೆ, 600 ರೂಪಾಯಿ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಅವರೇ ಹಾಕ್ತಾರಾ?" ಎಂದು ಕೇಳಿದರು.

ಬೇಸ್ ಅಣ್ಣಾ, ನನ್ನ ಗಿಟಾರಿಗೆ ಪಿಕಪ್ (ಸ್ಪೀಕರಿಗೆ ಸದ್ದು ಕಳಿಸುವ ಸಾಧನ) ಇಲ್ಲ. ಮೈಕ್ ಇಟ್ಟರೆ ಸಾಕಾ?

ಆರ್ಕೆಸ್ಟ್ರಾ_ಬೇಸ್ (ಆಗಸ್ಟ್ 17)

ಮೈಕ್ ಇಟ್ಟರೆ ಡ್ರಮ್ ಸದ್ದೆಲ್ಲ ಅದರೊಳಗೆ ನುಗ್ಗಿ ಕೂಗುತ್ತದೆ. ನನ್ನ ಹಳೇ ಎಲೆಕ್ಟ್ರಿಕ್ ಒಂದಿದೆ, ತರುತ್ತೇನೆ. ನೀನು ಹೊಸ ತಂತಿ ಒಂದು ಸೆಟ್ ತಗೊಂಡು ಬಾ, ಅದರಲ್ಲಿರುವುದು ತುಕ್ಕು ಹಿಡಿದಿದೆ. ಕೇಬಲ್ ಎರಡು ಇರಲಿ, ಒಂದು ಕೈಕೊಟ್ಟೇ ಕೊಡುತ್ತದೆ. ಸಂಜೆ ಐದಕ್ಕೆ ಸೌಂಡ್ ಚೆಕ್. ಊಟ ಹಾಕುತ್ತಾರೆ ಅಂತ ಅಪ್ಪನಿಗೆ ಹೇಳು, ಪುಳಿಯೋಗರೆ ಇರುತ್ತದೆ.